ಕಿವಿ ತೆರೆಯೋಳು

ಮೊದ್ಲು ಒಲೆ ಮುಟ್ಟಿ ಆಣೆ ಮಾಡು ಪುಟ್ಟತಾಯಿ. ಹಂಗಲ್ಲ, ಬೆರಳ ತುದೀಲಿ ಅಲ್ಲ, ಅಂಗೈ ಪೂರಾ ಇಡು. ಬಿಸಿ ಇದ್ರೆ ಇರ್ಲಿ, ಸುಟ್ರೆ ತಾನೆ ನೆನಪಿರೋದು. ಈ ಮಾತು ಈ ಅಡಿಗೆಮನೆ ದಾಟಿದ್ರೆ ನಿನ್ನ ನಾಲಿಗೇಲಿ ಹುಣ್ಣೇಳ್ತದೆ, ಅಷ್ಟೆ. ನಾನೂ ಯಾರ್ಗೂ ಹೇಳಿಲ್ಲ. ನೀರುಗಂಟಿ ಹೆಂಡ್ತಿಗೆ ಒಂಚೂರು ಹೇಳಿದ್ದೆ, ನಮ್ಮ ನಾದಿನಿಗೆ ಅರ್ಧ ಹೇಳಿದ್ದೆ. ಅವ್ರನ್ನ ಬುಡು. ಬಾಗ್ಲು ಮುಂದುಕ್ಕೆ ಮಾಡಿ ಕೂತ್ಕೊ.

ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ಹಲ್ಲು ಹುಟ್ದೆ ಮಣ್ಣು ತಿಂತಿದ್ದ ಕಾಲ. ಹುತ್ತಗೆರೆ ಅಂತ ಒಂದು ರಾಜ್ಯ. ರಾಜ್ಯಕ್ಕೊಬ್ಬ ದೊರೆ, ದೊರೆಗೊಂದು ಅರಮನೆ, ಅರಮನೆಗೆ ಏಳು ಬಾಗ್ಲು. ಆ ಏಳು ಬಾಗ್ಲೂ ಏಳು ವರ್ಷದಿಂದ ಮುಚ್ಚೇ ಇದ್ವು. ಯಾಕಂದ್ರೆ ಊರಾಚೆ ಒಂದು ಕಾಡು, ಸಿಳ್ಳೆಕಾಡು ಅಂತ ಹೆಸ್ರು. ಆ ಕಾಡಲ್ಲಿ ಕೆನ್ನಾಯಿ ಮೋರೆಯವ್ರು ಇದ್ರು.

ಕೆನ್ನಾಯಿ ಗೊತ್ತಲ್ಲ, ಸೀಳುನಾಯಿ ಅಂತಾರಲ್ಲ, ಹಿಂಡು ಕಟ್ಕೊಂಡು ಬಂದು ಕಡವೇನ ನಿಂತ ನಿಂತಂಗೇ ಹರಿಯೋದು, ಅದು. ಆ ಜನಕ್ಕೆ ತಲೆ ಅದ್ರದ್ದು. ಕತ್ತಿಂದ ಕೆಳಗೆ ನಿನ್ನಂಗೆ ನನ್ನಂಗೆ ಮನುಷ್ರು. ಕೆಂಪು ಕೂದ್ಲು ಹೆಗಲವರ್ಗೂ ಇಳ್ದು ಶಾಲು ಹೊದ್ದಂಗೆ ಕಾಣ್ತಿತ್ತು. ಉರಿಬಿಸ್ಲಲ್ಲಿ ಹೊರೆ ಹೊತ್ರೂ ಅವ್ರ ಮೈ ಬೆವರ್ತಿರ್ಲಿಲ್ಲ. ಬೆವರೆಲ್ಲ ನಾಲಿಗೇಲೆ. ಗೇಣುದ್ದ ನಾಲಿಗೆ ಇಳೇಬುಟ್ಕೊಂಡು ತೊಟ್ಟಿಕ್ಕಿಸ್ತಾ ನಿಲ್ಲೋರು, ಅವ್ರು ನಿಂತ ಜಾಗ ಎಲ್ಲಾ ಒದ್ದೆ. ಬೊಗಳ್ತಿರ್ಲಿಲ್ಲ. ಮೂಗಲ್ಲಿ ಸಿಳ್ಳೆ ಹಾಕೋರು. ಅರ್ಧ ಮಾತು ಸಿಳ್ಳೇಲಿ, ಅರ್ಧ ಮಾತು ಕಿವೀಲಿ. ಕಿವಿ ಮುಂದಕ್ಕಾದ್ರೆ ಪ್ರೀತಿ, ಹಿಂದಕ್ಕಾದ್ರೆ ಕೋಪ, ಮಲಗಿದ್ರೆ ದುಃಖ. ನಮ್ಮ ಮಾತೂ ಬರ್ತಿತ್ತು, ಆದ್ರೆ ಆ ಮೂತಿಗೆ ತುಟಿ ಕೂಡ್ತಿರ್ಲಿಲ್ಲ ನೋಡು, ಹಂಗಾಗಿ ಪ ಅನ್ನಕ್ಕಾಗ್ದು, ಬ ಅನ್ನಕ್ಕಾಗ್ದು, ಮ ಅನ್ನಕ್ಕಾಗ್ದು. ಇದ ನೆನಪಿಟ್ಕೊ.

ಹೆಂಗಸ್ರಿಗೆ ಎದೆಯಿಂದ ಹೊಟ್ಟೆವರ್ಗೂ ಎರಡು ಸಾಲಾಗಿ ಹನ್ನೆರಡು ಮೊಲೆ. ರವಿಕೆ ಹೊಲಿಯೋ ಟೈಲರು ಊರು ಬಿಟ್ಟು ಓಡ್ಬೇಕು. ಆದ್ರೆ ಇಡೀ ಹಿಂಡಿಗೆ ಹೆರೋಳು ಒಬ್ಳೇ, ಅವ್ಳು ದೊಡ್ಡವ್ವ. ದೊಡ್ಡವ್ವ ಹೆತ್ತ ಮರಿಗೆ ಎಲ್ಲಾ ಹೆಂಗಸ್ರ ಎದೇಲೂ ಹಾಲಿಳಿಯೋದು. ಬೇಟೆಗೆ ಹೋದೋರು ಮಾಂಸ ನುಂಗ್ಕೊಂಡು ಬಂದು, ಮರಿ ಬಾಯಿಗೆ ಬಾಯಿಟ್ಟು ಕಕ್ಕಿ ಉಣ್ಸೋರು. ಮೂಗು ಮುಚ್ಕೋಬೇಡ, ಗುಬ್ಬಿ ಮಾಡ್ತದೆ, ಅವ್ರೂ ಮಾಡ್ತಿದ್ರು. ಊಟಕ್ಕೆ ಕೂತ್ರೆ ಮೊದ್ಲು ಮರಿಗಳು, ಆಮೇಲೆ ಹೆಂಗಸ್ರು, ಆಮೇಲೆ ಗಂಡಸ್ರು, ಎಲ್ಲಾ ಉಂಡು ಬಿಟ್ಟ ಮೂಳೆ ಹಿಂಡಿನ ಹಿರೀಕನ್ಗೆ. ನಮ್ಮ ಮನೆಗಳಲ್ಲಿ ಹಂಗೆ ನಡೀತದಾ ಹೇಳು.

ಈ ಜನ ಯಾರ ತಂಟೆಗೂ ಬರ್ತಿರ್ಲಿಲ್ಲ. ಏಳು ವರ್ಷದ ಹಿಂದೆ ಅದೇನಾಯ್ತೋ, ಹುತ್ತಗೆರೆ ಮಕ್ಳನ್ನ ಎತ್ತಕ್ಕೆ ಶುರು ಮಾಡಿದ್ರು. ಕಳ್ರಂಗೆ ಕತ್ಲಲ್ಲಿ ಅಲ್ಲ. ಕೆನ್ನಾಯಿ ಹಗಲು ಬೇಟೆ ಪ್ರಾಣಿ ಕಣೆ. ಸುಡು ಸುಡು ಬಿಸ್ಲಲ್ಲಿ ಬೇಲಿ ಹಿಂದಿಂದ ಒಂದು ಸಿಳ್ಳೆ ಬರೋದು. ಆಡ್ತಿದ್ದ ಮಗು ಕಾಲು ತಾನೇ ಅತ್ತ ನಡ್ಕೊಂಡು ಹೋಗೋದು. ನೆಲದ ಮೇಲೆ ಬುಗುರಿ ಇನ್ನೂ ತಿರುಗ್ತಾ ಇರೋದು, ಮಗು ಇಲ್ಲ.

ಒಂದು ಮಗು ತಪ್ಪಿಸ್ಕೊಂಡು ಬಂದಿತ್ತು, ಕುಂಬಾರ ಕೇರೀದು. ಅದು ಹೇಳ್ತು: ದಿನಕ್ಕೊಂದು ತುತ್ತು ಕೊಡ್ತಾರೆ, ಹೊತ್ತು ನೆತ್ತಿಗೆ ಬಂದಾಗ. ಮೊದ್ಲನೆ ತುತ್ತಿಗೆ ಕಿವಿ ಎದ್ದು ನಿಲ್ತದೆ. ಎರಡನೆ ತುತ್ತಿಗೆ ಮೂತಿ ಮುಂದಕ್ಕೆ ಬರ್ತದೆ. ಮೂರನೆ ತುತ್ತಿಗೆ ಮಾತು ಹೋಗಿ ಸಿಳ್ಳೆ ಬರ್ತದೆ, ಆಮೇಲೆ ಅವ್ವನ ಹೆಸ್ರೂ ನೆನಪಿರಲ್ಲ. ಆ ಮಗೂಗೆ ಎರಡು ತುತ್ತು ಆಗಿತ್ತು. ಅವ್ರವ್ವ ಕಂಬಕ್ಕೆ ಕಟ್ಟಿ ಕಾದ್ಳು. ಮಾರ್ನೇ ದಿನ ಮಧ್ಯಾನ ದೂರದಿಂದ ಸಿಳ್ಳೆ ಕೇಳ್ತು, ಮಗು ಹಗ್ಗ ಕಚ್ಚಿ ಹರ್ಕೊಂಡು ವಾಪಸ್ ಹೋಯ್ತು.

ದೊರೆ ನೂರು ಜನ ಸಿಪಾಯಿಗಳನ್ನ ಕಳ್ಸಿದ್ದ. ಮೂರೇ ಜನ ತಿರುಗಿ ಬಂದ್ರು. ಅರಮನೆ ಗೋಡೆಗೊರಗಿ ಕೂತವ್ರೆ, ಏನಾಯ್ತು ಅಂತ ಕೇಳಿದ್ರೆ ಮೂಗಲ್ಲಿ ಸಿಳ್ಳೆ ಹಾಕ್ತಾರೆ. ಅದ್ರಲ್ಲಿ ಒಬ್ಬ ಮಾತ್ರ ಬೆರಳಲ್ಲಿ ಮಣ್ಣ ಮೇಲೆ ಒಂದು ಕಿವಿ ಬರ್ದು, ಅದ್ರ ಮೇಲೆ ಅಂಗೈ ಮುಚ್ಚೋನು. ದಿನವೆಲ್ಲ ಅದೇ. ಹುಚ್ಚು ಅಂತ ಜನ ದಾಟ್ಕೊಂಡು ಹೋಗೋರು.

ಆ ಊರಲ್ಲಿ ಸಣ್ಣೀರಿ ಅಂತ ಒಬ್ಳು ಸೂಲಗಿತ್ತಿ. ಗಂಡ ಕೆರೇಲಿ ಮುಳುಗಿ ಹೋಗಿದ್ದ, ಇದ್ದೋಳು ಒಬ್ಳೇ ಮಗ್ಳು ತುಂಗಿ, ಐದು ವರ್ಷದ್ದು, ಮಾತಿಗೆ ಮುಂಚೆ ಬೆಲ್ಲ ಕೇಳೋದು. ಒಂದಿನ ಸಣ್ಣೀರಿ ಅಗಸರ ಮನೇಲಿ ಹೆರಿಗೆ ಮುಗ್ಸಿ ಬಂದು ನೋಡ್ತಾಳೆ, ಜಗಲಿ ಮೇಲೆ ಅರ್ಧ ಕಚ್ಚಿದ ರಾಗಿ ರೊಟ್ಟಿ. ರೊಟ್ಟಿ ಇನ್ನೂ ಬೆಚ್ಚಗಿತ್ತು. ಬೇಲಿ ಹತ್ರ ಮಣ್ಣು ಒದ್ದೆ ಒದ್ದೆ. ಮೂರು ತುತ್ತು ಅಂದ್ರೆ ಮೂರು ದಿನ, ಅಷ್ಟ್ರೊಳಗೆ ತರ್ಬೇಕು, ಇಲ್ಲಾಂದ್ರೆ ಮಗ್ಳಿಲ್ಲ.

ಅರಮನೆಗೆ ಓಡಿದ್ಳು. ದೊರೆ ಏಳನೆ ಬಾಗ್ಲ ಹಿಂದಿಂದ್ಲೇ ಮಾತಾಡ್ದ. ಏನ್ ಮಾಡಕ್ಕಾಯ್ತದೆ, ಇನ್ನೊಂದು ಮದ್ವೆ ಆಗು, ಇನ್ನೊಂದು ಹೆತ್ಕೊ ಅಂದ. ಸಣ್ಣೀರಿ ಬಾಗ್ಲಿಗೆ ಬಾಯಿಟ್ಟು ಹೇಳಿದ್ಳು, "ಬುದ್ಧೀ, ನಿಮ್ಮನ್ನ ಭೂಮಿಗಿಳಿಸ್ದೋಳು ನಮ್ಮವ್ವ. ನೀವು ಕಾಲು ಮುಂದಾಗಿ ಬಂದ್ರಂತೆ. ಅವತ್ತು ನಮ್ಮವ್ವ ಬಾಗ್ಲು ಹಾಕ್ಕೊಂಡು ಕೂರ್ಲಿಲ್ಲ."

ಸಣ್ಣೀರಿ ತಿರುಗಿ ಬರೋವಾಗ ಆ ಸಿಪಾಯಿ ಮಣ್ಣಲ್ಲಿ ಬರ್ದ ಕಿವೀನ ನೋಡಿದ್ಳು, ನಿಂತ್ಕೊಂಡ್ಳು, ಅರ್ಥ ಆಯ್ತು. ಮನೆಗೆ ಬಂದು ಹೆರಿಗೆ ಚೀಲ ತಕ್ಕೊಂಡ್ಳು, ಅದ್ರಲ್ಲಿ ಹರಳೆಣ್ಣೆ ಬುಡ್ಡಿ, ದಾರ, ಹಳೆ ಬಟ್ಟೆ. ಎರಡೂ ಕಿವಿಗೆ ಹತ್ತಿ ತುರುಕಿದ್ಳು, ಮೇಲೆ ಒಂದು ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ಳು. ಕಾಡಿಗೆ ಇಳಿದ್ಳು.

ಮೊದ್ಲನೆ ದಿನ ಬರೀ ಮರ. ಸದ್ದಿಲ್ಲ, ಕಿವಿ ಕಟ್ಟೈತಲ್ಲ. ತನ್ನ ಉಸಿರು ತನಗೇ ಕೇಳ್ತದೆ, ಬೇರೆ ಏನೂ ಇಲ್ಲ. ಕಾಡಲ್ಲಿ ಕೇಳಿಸ್ದೆ ನಡೆಯೋದು ಅಂದ್ರೆ ಎಂಥಾದ್ದು ನೀನೇ ಯೋಚ್ನೆ ಮಾಡು, ಹಿಂದೆ ಯಾರು ಬಂದ್ರೂ ಗೊತ್ತಾಗಲ್ಲ. ಎರಡು ಹೆಜ್ಜೆಗೊಂದ್ಸಲ ತಿರುಗಿ ನೋಡೋಳು.

ಎರಡನೆ ದಿನ ಬಿಸಿಲೇರಿದಾಗ ತಿರುಗಿ ನೋಡಿದ್ಳು, ಇದ್ರು. ಪೊದೆ ಪೊದೆ ಹಿಂದೆ ಒಂದೊಂದು ಕೆಂಪು ಮೋರೆ. ಮುಂದೆ ನೋಡಿದ್ಳು, ಅಲ್ಲೂ. ಮೂಗಿನ ಹೊಳ್ಳೆ ಅರಳಿಸ್ಕೊಂಡು ಸಿಳ್ಳೆ ಹಾಕ್ತಾ ಇದ್ರು, ಇವ್ಳಿಗೆ ಒಂದೂ ಕೇಳ್ಸಲ್ಲ. ಓಡಿದ್ರೆ ಬೇಟೆ ಆಗೋಯ್ತೀನಿ ಅಂತ ನಿಂತ್ಕೊಂಡ್ಳು. ಒಬ್ಬ ಎತ್ತರದೋನು ಮೂಗಿಗೆ ಮೂಗು ತಾಗೋವಷ್ಟು ಹತ್ರ ಬಂದ. ಅವ್ನ ನಾಲಿಗೆ ನೀರು ಇವ್ಳ ಪಾದದ ಮೇಲೆ ತೊಟ್ಟಿಕ್ತು, ಬಿಸಿಯಾಗಿ. ಹಲ್ಲು ಇಷ್ಟಿಷ್ಟುದ್ದ. ಅವ್ನು ಇವ್ಳ ತಲೆಗೆ ಕಟ್ಟಿದ್ದ ಬಟ್ಟೆ ನೋಡ್ದ. ಅವ್ನ ಕಿವಿ ಎರಡೂ ಮಲಗಿದ್ವು. ಬೆನ್ನು ತಿರುಗ್ಸ್ಕೊಂಡ.

ಅವ್ನ ಹಿಂದೆ ಎಲ್ಲಾರೂ ಬೆನ್ನು ತಿರುಗ್ಸಿದ್ರು, ಒಬ್ರಾದ್ಮೇಲೆ ಒಬ್ರು. ಕೊಲ್ಲಕ್ಕೆ ಬಂದೋರು ಬೆನ್ನು ತಿರುಗ್ಸಿ ನಿಂತ್ರೆ ಕೊಲ್ಲೋದಕ್ಕಿಂತ ಜಾಸ್ತಿ ಹೆದ್ರಿಕೆ ಆಯ್ತದೆ. ಯಾಕೆ ಅಂತ ಗೊತ್ತಿಲ್ವಲ್ಲ. ಆ ಬೆನ್ನುಗಳ ಮಧ್ಯೆ ಸಣ್ಣೀರಿ ಸೆರಗು ತಾಗ್ದಂಗೆ ನಡ್ಕೊಂಡು ಹೋದ್ಳು.

ಹೋದ್ರೆ ಅವ್ರ ಹಟ್ಟಿ. ಕೆಮ್ಮಣ್ಣಿನ ದಿಣ್ಣೇಲಿ ಗವಿ ಗವಿ, ಆಳೆತ್ತರದ ಹುತ್ತಗಳು. ಗವಿ ಬಾಗ್ಲಲ್ಲೆಲ್ಲ ಮುದುಕ್ರು ಗೋಡೆಗೊರಗಿ ಕೂತಿದ್ರು, ಅವ್ರ ಮುಂದೆ ಎಲೇಲಿ ಮಾಂಸ. ಹತ್ರ ಹೋಗಿ ನೋಡಿದ್ಳು. ಒಬ್ರಿಗೂ ಜೀವ ಇಲ್ಲ ಕಣೆ. ಒಣಗಿ ಸೌದೆ ಆಗವ್ರೆ, ಕಣ್ಣಿರೋ ಕಡೆ ತೂತು, ಕಿವಿ ಮಾತ್ರ ನೆಟ್ಟಗೆ ನಿಂತವೆ. ಒಬ್ಳು ಹೆಂಗಸು ಬಂದು ಅಂಥಾ ಒಂದು ಹೆಣದ ಬಾಯೊರಸಿ, ಎಲೆ ಎತ್ತಿ, ಬೇರೆ ಎಲೆ ಇಟ್ಳು, ನಮ್ಮಾವನ್ಗೆ ಬಡಿಸ್ದಂಗೆ.

ಪಕ್ಕದಲ್ಲೇ ಒಂದು ಹಳೇ ಗುಂಡಿ, ಹುತ್ತದ ಒಡಲಂಗೆ ಆಳ. ಅದ್ರ ಬಾಯಲ್ಲಿ ಬೆಳ್ಳಗಾದ ಬುರುಡೆಗಳು. ಆ ಬುರುಡೆಗೆಲ್ಲ ಕಿವಿ ಜಾಗದಲ್ಲಿ ನಾರಿನ ಪಟ್ಟಿ ಸುತ್ತಿ ಗಂಟು ಹಾಕಿತ್ತು. ಈಚೀಚೆಗೆ ಹಾಕಿದ್ದು ಒಂದೂ ಇಲ್ಲ.

ಇದೇನು ಅಂತ ಯೋಚಿಸೋ ಅಷ್ಟ್ರಲ್ಲಿ ತುಂಗಿ ಕಂಡ್ಳು. ಸಾಲಾಗಿ ಕೂತ ಮಕ್ಳಲ್ಲಿ ಒಬ್ಳು. ಕೊರಳಲ್ಲಿ ಅದೇ ಹಸಿರು ಮಣಿ ಸರ. ತಲೆ ಮೇಲೆ ಕೆಂಪು ಕಿವಿ ಎರಡು ಎದ್ದಿದ್ವು. ಮೂಗು ಬಾಯಿ ಮುಂದಕ್ಕೆ ಬಂದು ತುದಿ ಕಪ್ಪಗಾಗಿತ್ತು. ಅಂದ್ರೆ ಎರಡು ತುತ್ತು ಆಗೋಗೈತೆ. ಸಣ್ಣೀರಿ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ್ಳು. ಮಗು ಅವ್ವನ ಮುಖ ನೋಡ್ತು, ತಲೆ ಬಟ್ಟೆ ನೋಡ್ತು. ಕಿವಿ ಮಲಗ್ಸಿ, ಪಕ್ಕದ ಮಗೂಗೆ ಏನೋ ಹೇಳಿ ಬೆನ್ನು ತಿರುಗ್ಸ್ಕೊಂಡ್ತು. ಕೇಳ್ಲಿಲ್ಲ, ಆದ್ರೆ ಹೆತ್ತೋಳಿಗೆ ಮಗೂ ಬಾಯಿ ಓದಕ್ಕೆ ಬರ್ದೆ ಇರ್ತದಾ. "ನನ್ನವ್ವ. ಸತ್ತೋದ್ಳು," ಅಂದಿತ್ತು.

ಆಗ ಹೊಳೀತು. ಈ ಜನಕ್ಕೆ ಕಿವಿ ಕಟ್ಟಿದೋರು ಸತ್ತೋರು. ಕಿವಿ ಕಟ್ಟೋವರ್ಗೂ ಉಸಿರು ನಿಂತು ಹುಳ ಬಿದ್ರೂ ಬದ್ಕೇ ಇರೋರು. ಸತ್ತೋರನ್ನ ನೋಡಂಗಿಲ್ಲ, ಮಾತಾಡ್ಸಂಗಿಲ್ಲ, ಅವ್ರು ಹೇಳಿದ್ದು ಕೇಳಂಗಿಲ್ಲ.

ಕಟ್ಕೊಂಡೇ ಇದ್ರೆ ಜೀವ ಉಳೀತದೆ, ಆದ್ರೆ ಮಗ್ಳಿಗೆ ಹೆಣ. ಸಣ್ಣೀರಿ ಗಂಟು ಬಿಚ್ಚಿದ್ಳು. ಹತ್ತಿ ಕಿತ್ತಾಕಿದ್ಳು.

ಇಡೀ ಹಟ್ಟಿ ಒಂದೇ ಸಲ ತಿರುಗ್ತು. ಕಿವಿಯೆಲ್ಲ ಹಿಂದಕ್ಕೆ. ಸುತ್ತ ಬಂದು ನಿಂತ್ರು, ಮೇಲೆ ಬೀಳ್ಲಿಲ್ಲ. ಆ ಎತ್ತರದೋನು ಮುಂದೆ ಬಂದು, ಹೊಟ್ಟೆ ಕುಲುಕ್ಸಿ, ಒಂದು ದಪ್ಪ ಮಾಂಸದ ತುಂಡು ಕಕ್ಕಿ ಇವ್ಳ ಕಾಲ ಹತ್ರ ಹಾಕ್ದ. ಎಲ್ಲಾರ ಕಣ್ಣೂ ಇವ್ಳ ಬಾಯಿ ಮೇಲೆ. ಎರಡು ದಿನದಿಂದ ಹೊಟ್ಟೇಲಿ ನೀರು ಬಿಟ್ರೆ ಏನಿಲ್ಲ, ಅದನ್ನೇ ನೋಡಿ ಬಾಯಲ್ಲಿ ನೀರೂರ್ತು ಅಂತೀನಿ, ಹಸಿವು ಅಂದ್ರೆ ಹಂಗೆ. ಮಕ್ಕಳಿಗಿಂತ ಮೊದ್ಲು ತಾನು ತಿಂದ್ರೆ ಇವ್ರು ಇವ್ಳನ್ನ ಹೆಂಗಸು ಅನ್ನಲ್ಲ, ಬೇಟೆ ಅಂತಾರೆ. ಮಗ್ಳಿಗೆ ಕೊಡಾಣಾ ಅಂದ್ರೆ ಅದೇ ಮೂರನೆ ತುತ್ತಾಗಿಬುಟ್ರೆ? ತುಂಗಿ ಆಗ್ಲೇ ಕೈ ಮುಂದೆ ಮಾಡ್ಕೊಂಡು ಅಂಬೆಗಾಲಲ್ಲಿ ಬರ್ತಾ ಐತೆ. ಮಿಕ್ಕ ಮಕ್ಳಿಗೆ ಕೊಟ್ರೂ ಅವೂ ಯಾರೋ ಹೆತ್ತ ಕೂಸುಗಳೇ.

ಆಗ ದೊಡ್ಡ ಗವಿಯೊಳಗಿಂದ ಒಂದು ನರಳಾಟ ಬಂತು. ಅದು ಯಾವ ಮೋರೆಯಿಂದ ಬಂದ್ರೇನು, ಸೂಲಗಿತ್ತಿಗೆ ಆ ಸದ್ದು ಗೊತ್ತು. ಸಣ್ಣೀರಿ ಮಾಂಸದ ತುಂಡು ಎತ್ಕೊಂಡು ನೇರ ಒಳಗೋದ್ಳು. ದೊಡ್ಡವ್ವ ಒಣಹುಲ್ಲಿನ ಮೇಲೆ ಬೆನ್ನು ಬಿಲ್ಲಾಗಿಸ್ಕೊಂಡು ಬಿದ್ದಿದ್ಳು. ಸಣ್ಣೀರಿ ತುಂಡನ್ನ ಅವ್ಳ ಹೊಟ್ಟೆ ಮೇಲಿಟ್ಳು. ಬಾಗ್ಲಲ್ಲಿ ನಿಂತೋರಿಗೆ ಹೇಳಿದ್ಳು, "ಮೊದ್ಲು ಇವ್ರು. ಒಳಗಿರೋರು."

ಬಾಗ್ಲ ತುಂಬ ಕಿವಿಗಳು ಮುಂದಕ್ಕೆ ಬಂದ್ವು.

ಹೊತ್ತು ಮುಳುಗೋ ಅಷ್ಟ್ರಲ್ಲಿ ಆರು ಮರಿ. ಮುಷ್ಟಿಯಷ್ಟು ನಾಯಿ ತಲೆ, ಕೆಳಗೆ ಸಣ್ಣ ಸಣ್ಣ ಮನುಷ್ರ ಕೈಕಾಲು, ಕಣ್ಣು ಮುಚ್ಚಿತ್ತು, ಕಿವಿ ಮಡಿಚಿ ತಲೆಗಂಟ್ಕೊಂಡಿತ್ತು. ಸಣ್ಣೀರಿ ಹೊಕ್ಕುಳು ಕಟ್ಟಿದ್ಳು, ಒರಸಿದ್ಳು, ಎದೆಗಿಡಕ್ಕೆ ಹೋದ್ಳು. ದೊಡ್ಡವ್ವ ಮುಖ ಆ ಕಡೆ ಮಾಡಿದ್ಳು. ಮರಿ ಕುಂಯ್ ಅಂದ್ರೂ ಮೂಸಲ್ಲ. ಎದೇಲಿ ಹಾಲೂ ಇಲ್ಲ. ಬಾಗ್ಲಲ್ಲಿರೋ ಹೆಂಗಸ್ರು ಕಿವಿ ಮಲಗ್ಸಿ ನಿಂತವ್ರೆ, ಹೆಣದ ಮನೆ ಥರ.

"ಹಾಲಿಲ್ಲದೆ ಇವು ಬೆಳಗಾಗೋದ್ರಲ್ಲಿ ಹೋಗ್ತವೆ," ಅಂದ್ಳು ಸಣ್ಣೀರಿ.

"ಏಳು ವರ್ಷ ಆಯ್ತು, ತಾಯಿ," ಅಂದ್ಳು ದೊಡ್ಡವ್ವ. "ಹೆತ್ತೆ, ಹೆತ್ತೆ. ಒಂದೂ ಹುಟ್ಟಲಿಲ್ಲ."

ಆ ಜನದಲ್ಲಿ ಹೊಟ್ಟೆಯಿಂದ ಬಂದ್ರೆ ಹುಟ್ಟಿದಂಗಲ್ವಂತೆ. ಕಿವಿ ತೆರೆಯೋಳು ಅಂತ ಒಬ್ಳಿರ್ತಾಳೆ. ಅವ್ಳು ಬಂದು ಮಡಿಚಿದ ಕಿವೀನ ಬಿಡ್ಸಿದ್ರೆ ಆಗ ಮಗು ಹುಟ್ತು, ಆಗ ಹಾಲಿಳೀತದೆ. ಯಾರಾದ್ರೂ ಸತ್ರೂ ಅವ್ಳೇ ಬಂದು ಕಿವಿ ಕಟ್ಬೇಕು, ಆಗ ಸತ್ತ. ಬೇರೆಯೋರು ಮುಟ್ಟಂಗಿಲ್ಲ. ಏಳು ವರ್ಷದ ಹಿಂದೆ ಆ ಮುದುಕೀನ ಯಾರೋ ಕೊಂದು ಗವಿಗೊರಗ್ಸಿದ್ರು. ಅವ್ಳ ಕಿವಿ ಕಟ್ಟೋರೂ ಇಲ್ಲ, ಅವ್ಳೂ ಬದ್ಕೇ ಅವ್ಳೆ ಅಂತ ದಿನಾ ಎಲೆ ಹಾಕ್ತಾರೆ. ಅಲ್ಲಿಂದ ಈಚೆಗೆ ಹುಟ್ಟೋರಿಲ್ಲ, ಸಾಯೋರಿಲ್ಲ. ಅದಕ್ಕೇ ಹಿರೀಕ ಹೇಳ್ದನಂತೆ, ಮನುಷ್ರ ಮಕ್ಳನ್ನ ತನ್ನಿ, ನಾನು ತುತ್ತು ಕೊಟ್ಟು ನಮ್ಮೋರು ಮಾಡ್ತೀನಿ ಅಂತ.

ಸಣ್ಣೀರಿ ಪೂರಾ ಕೇಳ್ಲೂ ಇಲ್ಲ. ಎಣ್ಣೆ ಬುಡ್ಡಿ ಬಿಚ್ಚಿದ್ಳು. ಬೆರಳ ತುದೀಗೆ ಹರಳೆಣ್ಣೆ ಅದ್ಕೊಂಡು ಮೊದ್ಲನೆ ಮರಿ ಕಿವಿ ಅಂಚನ್ನ ಮೆತ್ತಗೆ ತಿಕ್ಕಿ ತಿಕ್ಕಿ, ಕೆಸುವಿನ ಎಲೆ ಸುರುಳಿ ಬಿಡ್ಸಿದಂಗೆ ಬಿಡ್ಸಿದ್ಳು. ಹಿಂಗೆ ಹನ್ನೆರಡು ಕಿವಿ. ಕೊನೇ ಕಿವಿ ಎದ್ದು ನಿಂತಿದ್ದೇ ತಡ, ಬಾಗ್ಲಲ್ಲಿದ್ದ ಹೆಂಗಸ್ರೆಲ್ಲ ಎದೆ ಹಿಡ್ಕೊಂಡು ಕೂತ್ಬಿಟ್ರು. ಏಳು ವರ್ಷದ ಹಾಲು ಒಂದೇ ಸಲ ಇಳೀತಾ ಇತ್ತು.

ದೊಡ್ಡವ್ವ ಮರಿಗಳನ್ನ ನೆಕ್ಕಿ ನೆಕ್ಕಿ ಸಾಕಾಗಿ, ಸಣ್ಣೀರಿ ಕಿವಿ ಹತ್ರ ಮೂತಿ ತಂದು ಪಿಸುಗುಟ್ಟಿದ್ಳು. "ನನ್ನ ಗಂಡ, ಈ ಹಿರೀಕ, ಸತ್ತೂ ಏಳು ವರ್ಷ. ತಲೆ ಓಡಾಡ್ತಾ ಐತೆ. ತಲೆ ಅವಂದೇ. ಕತ್ತಿಂದ ಕೆಳಗೆ ಯಾರು ಅಂತ ಗೊತ್ತಿಲ್ಲ."

ಮತ್ತೆ ಎಲ್ಲಾರ್ಗೂ ಹೇಳ್ಬಾರ್ದಾ ಅಂತ ಸಣ್ಣೀರಿ ಕೇಳಿದ್ಳು.

"ಕಿವಿ ಕಟ್ಟದೆ ಸತ್ತ ಅನ್ನಕ್ಕಾಗಲ್ಲ. ಅದು ನನ್ನ ಜನದ ಕಟ್ಟಳೆ. ತೆರೆದೋಳೇ ಕಟ್ಟೋದು." ದೊಡ್ಡವ್ವ ಸಣ್ಣೀರಿ ಎಣ್ಣೆಗೈನ ತನ್ನ ಕೈಲಿ ಹಿಡ್ಕೊಂಡ್ಳು. "ಈಗ ಆ ಕೈ ಇದು."

ಬೆಳಗಾಯ್ತು. ಸಣ್ಣೀರಿ ಮಗ್ಳ ಪಕ್ಕ ಕೂತು ಬಟ್ಟೇನ ಕೈಲಿ ಹಿಡ್ಕೊಂಡು ಯೋಚ್ನೆ ಮಾಡಿದ್ಳು, ಸುಳ್ಳು ಯಾಕೆ ಹೇಳ್ಬೇಕು, ಓಡೋಗಾಣಾ ಅಂತ್ಲೇ. ಇಬ್ರೂ ಕಿವಿ ಕಟ್ಕೊಂಡು ಹೆಣಗಳಂಗೆ ನಡ್ಕೊಂಡು ಹೋದ್ರೆ ಯಾರೂ ತಡೆಯಲ್ಲ. ಆದ್ರೆ ಆ ಕುಂಬಾರ ಕೇರಿ ಮಗು ನೆನಪಿಗೆ ಬಂತು, ಹಗ್ಗ ಕಚ್ಚಿದ್ದು. ಎರಡು ತುತ್ತು ತಿಂದ ಮಗು ಎಲ್ಲಿದ್ರೂ ವಾಪಸ್ ಬರ್ತದೆ. ಸಿಳ್ಳೆ ಹಾಕೋನು ಹೋಗ್ಬೇಕು, ಇಲ್ಲ ಮಗ್ಳು ಹೋಗ್ತಾಳೆ. ಬಟ್ಟೇನ ಮಡಿಲಲ್ಲಿ ಸಿಗಿಸ್ಕೊಂಡು ದೂರ ಹೋಗಿ ನಿಂತ್ಕೊಂಡ್ಳು.

ಹೊತ್ತು ನೆತ್ತಿಗೆ ಬಂತು. ಎಲ್ಲಾಕ್ಕಿಂತ ದೊಡ್ಡ ಹುತ್ತದ ಒಡಲು ಬಿರೀತು, ಹಿರೀಕ ಈಚೆ ಬಂದ.

ತಲೆ ಬಾಡಿತ್ತು. ತುಪ್ಪಳ ಅಲ್ಲಲ್ಲಿ ಉದುರಿ ತೊಗಲು ಕಾಣ್ತಿತ್ತು, ಕಣ್ಣು ಗುಳಿಯೊಳಗೆ ಇನ್ನೊಂದು ಜೊತೆ ಕಣ್ಣು ಹೊಳೀತಿತ್ತು. ಬಿಸ್ಲು ಹಂಗೆ ಸುಡ್ತಿದ್ರೂ ಆ ಬಾಯಿಂದ ನಾಲಿಗೆ ಈಚೆ ಬಂದಿರ್ಲಿಲ್ಲ. ಅವ್ನು ನಡೆಯೋವಾಗ ಹೊಟ್ಟೆಯಿಂದ ಸದ್ದು ಬರೋದು. ಸಣ್ಣೀರಿ ಕಿವಿಗೊಟ್ಟು ಕೇಳಿದ್ಳು. ಮಕ್ಳು ಕಣೆ. ಹೊಟ್ಟೆಯೊಳಗೆ ಮಕ್ಳು ಮಾತಾಡ್ತಾ ಇದ್ವು. ಒಂದು ಅವ್ವಾ ಅಂತದೆ, ಒಂದು ಬಾಗ್ಲು ತೆಗಿ ಅಂತದೆ, ಒಂದು ತಾನು ಕಲ್ತಿದ್ದ ಮಗ್ಗಿ ಹೇಳ್ತಾ ಐತೆ, ನಿಲ್ಲಿಸ್ದೆ. ಮೂರನೆ ತುತ್ತು ಕೊಟ್ಟು ಮಕ್ಳ ಮಾತನ್ನ ಅವ್ನು ನುಂಗ್ತಿದ್ದ. ಆ ಮಾತುಗಳ ಆಯಸ್ಸು ಅವ್ನಿಗೆ ಬರೋದು.

ಅವ್ನು ಅಂಗೈಲಿ ಬೂದಿ ಕಲಸಿದ ಉಂಡೆ ಇಟ್ಕೊಂಡು ತುಂಗಿ ಮುಂದೆ ಬಗ್ಗಿದ. ಆಗ ಅವ್ನ ಬೆನ್ನು ಈ ಕಡೆ ಆಯ್ತು. ಬೆನ್ನ ಮೇಲೆ ಬೆವರು ಹರೀತಿತ್ತು, ಉಳೋ ಆಳಿನ ಬೆನ್ನಂಗೆ.

"ಬಾ ಮಗಳೆ," ಅಂದ. "ಬಾಯಿ ಬಿಡು."

ಸಣ್ಣೀರಿ ಆ ಬಾಯನ್ನೇ ನೋಡಿದ್ಳು. ಬಾ ಅಂದ, ಮ ಅಂದ. ಆ ಬಾಡಿದ ಮೂತಿಯೊಳಗೆ ಕೂಡೋ ತುಟಿ ಅವೆ. ನಮ್ಮಂಥ ತುಟಿ.

ಆವಾಗ ಗವಿಯೊಳಗಿಂದ ಮರಿಗಳು ಹಾಲಿಗೆ ಅತ್ವು. ಹಿರೀಕ ತಲೆ ಎತ್ತಿದ. ಏಳು ವರ್ಷದಿಂದ ಕೇಳದೇ ಇದ್ದ ಸದ್ದು ಅದು. ಸುತ್ತ ನೋಡ್ದ, ಸಣ್ಣೀರಿ ಕೈಲಿ ಹೊಳೀತಿದ್ದ ಎಣ್ಣೆ ನೋಡ್ದ. ಮೂಗಲ್ಲಿ ಉದ್ದಕ್ಕೆ ಒಂದು ಸಿಳ್ಳೆ ಹಾಕ್ದ.

ಹಿಂಡಿಗೆ ಹಿಂಡೇ ಹಲ್ಲು ಬಿಟ್ಕೊಂಡು ಸಣ್ಣೀರಿ ಕಡೆ ತಿರುಗ್ತು. ಹಾಲಿಳಿದ ಹೆಂಗಸ್ರೂ ಕೂಡ. ಅವ್ರ ಕಣ್ಣಲ್ಲಿ ನೀರು ಇಳೀತಿತ್ತು, ಕಾಲು ಮಾತ್ರ ಮುಂದೆ ಬರ್ತಿದ್ವು. ಸಣ್ಣೀರಿ ಕಾಲೂ ಹೊರಟ್ವು, ತಾನೇ ತಾನಾಗಿ, ಸಿಳ್ಳೆ ಬಂದ ಕಡೆಗೆ. ಅವ್ಳು ತಡೀಲಿಲ್ಲ. ತಡೆಯೋದು ಬಿಟ್ಟು ಇನ್ನೂ ಬಿರುಸಾಗಿ ನಡೆದ್ಳು. ಕರ್ದೋನು ಅವ್ನೇ ತಾನೆ. ಒಂದು ಉಗುರು ಅವ್ಳ ಭುಜ ಸೀಳ್ತು, ಒಂದು ಹಲ್ಲು ಸೆರಗು ಹರೀತು, ಅಷ್ಟ್ರಲ್ಲಿ ಅವ್ನ ಎದುರಿಗೆ ಬಂದು ನಿಂತಿದ್ಳು. ಅವ್ನಿನ್ನೂ ಬಗ್ಗೇ ಇದ್ದ. ಮಡಿಲಿಂದ ಬಟ್ಟೆ ಎಳೆದು ಆ ಎರಡು ಒಣ ಕಿವಿ ಮೇಲೆ ಹಾಕಿ, ಗದ್ದದ ಕೆಳಗೆ ಗಂಟು ಬಿಗಿದ್ಳು. ಹೊಕ್ಕುಳಿಗೆ ಹಾಕೋ ಗಂಟು. ಅದು ಬಿಚ್ಚೋ ಗಂಟಲ್ಲ.

"ನಿಮ್ಮ ಹಿರೀಕ ತೀರ್ಕೊಂಡವ್ನೆ," ಅಂದ್ಳು. "ಅತ್ಕೊಳಿ."

ಆಮೇಲೆ ಒಂದೊಂದೇ ಕಿವಿ ಮಲಗಿದ್ವು. ದೊಡ್ಡವ್ವ ಗವಿ ಬಾಗ್ಲಲ್ಲಿ ಮೂತಿ ಮೇಲೆತ್ತಿ ಸಣ್ಣಗೆ ಸಿಳ್ಳೆ ಹಾಕಿದ್ಳು, ಏಳು ವರ್ಷ ತಡೆದಿಟ್ಕೊಂಡಿದ್ದ ಗೋಳು. ಹಿಂಡೆಲ್ಲ ಬೆನ್ನು ತಿರುಗ್ಸ್ತು.

ಅವ್ನು ಸಿಳ್ಳೆ ಹಾಕ್ದ, ಯಾರೂ ಕದಲ್ಲಿಲ್ಲ. ಸತ್ತೋನ ಮಾತು ಕೇಳಂಗಿಲ್ವಲ್ಲ. ಬೆನ್ನು ಮಾಡ್ಕೊಂಡೇ ಹಿಂದಿಂದಕ್ಕೆ ಹೆಜ್ಜೆ ಇಟ್ಕೊಂಡು ಬಂದ್ರು, ಕೈಯೆಲ್ಲ ಬೆನ್ನ ಹಿಂದೆ ಚಾಚ್ಕೊಂಡು, ನೋಡ್ದೇನೆ ಅವ್ನನ್ನ ಎತ್ಕೊಂಡ್ರು. ಅವ್ನು ಆಗ ಮನುಷ್ರ ದನೀಲಿ ಅರಚಕ್ಕೆ ಶುರು ಮಾಡ್ದ. ನಾನು ಸತ್ತಿಲ್ಲ, ನಾನು ನಿಮ್ಮೋನೇ ಅಲ್ಲ, ನಾನು ಕಗ್ಗಲಯ್ಯ ಅನ್ನೋ ಮಾಟಗಾರ, ಈ ತಲೆ ನಂದಲ್ಲ ಅಂತ ತಲೆ ಕೀಳಕ್ಕೆ ನೋಡ್ದ. ಏಳು ವರ್ಷದಲ್ಲಿ ತಲೆ ಕತ್ತಿಗೆ ಹತ್ಕೊಂಡುಬಿಟ್ಟಿತ್ತು. ಅವ್ರು ಕೋಪದಲ್ಲಿ ಹೊತ್ಕೊಂಡು ಹೋಗ್ಲಿಲ್ಲ ಕಣೆ, ಅದೇ ನನಗೆ ಮೈ ಜುಂ ಅನ್ನೋದು. ಅಳ್ತಾ ಅಳ್ತಾ, ಎಳೇ ಮಗೂನ ತೊಟ್ಟಿಲಿಗೆ ಹಾಕ್ದಂಗೆ ಮೆತ್ತಗೆ, ಮರ್ಯಾದೆಯಾಗಿ, ಆ ಗುಂಡಿಗೆ ಇಳಿಸಿದ್ರು. ಮೇಲೆ ಮಣ್ಣೆಳೆದ್ರು. ಮಣ್ಣೊಳಗಿಂದ ಇನ್ನೂ ಸ್ವಲ್ಪ ಹೊತ್ತು ಬ, ಮ ಕೇಳ್ಸ್ತಿತ್ತು.

ಆಮೇಲೆ ಮಣ್ಣು ಬಿರುಕು ಬಿಡ್ತು, ಆ ಸಂದೀಲಿ ಮಕ್ಳ ಮಾತುಗಳು ಗುಬ್ಬಿ ಹಿಂಡಂಗೆ ಪುರ್ ಅಂತ ಎದ್ವು. ಒಂದೊಂದೂ ತನ್ನ ತನ್ನ ಬಾಯಿ ಹುಡುಕ್ಕೊಂಡು ಹೋಯ್ತು. ಎಲ್ಲಾ ಮಕ್ಳ ಮೂತಿ ಹಿಂದಕ್ಕೆ ಸರೀತು. ಸಣ್ಣೀರಿ ತುಂಗೀನ ಎತ್ಕೊಂಡು ಕೆನ್ನೆ ಒತ್ತಿ ನೋಡಿದ್ಳು, ನಂಬಿಕೆ ಬರ್ಲಿಲ್ಲ, ಏನಾದ್ರೂ ಹೇಳು ಅಂದ್ಳು.

"ಬೆಲ್ಲ," ಅಂತು ತುಂಗಿ.

ಸಣ್ಣೀರಿ ಹಂಗೇ ಬರ್ಲಿಲ್ಲ. ಗವಿ ಗವಿಗೆ ಹೋಗಿ, ಒರಗಿ ಕೂತಿದ್ದ ಹೆಣಗಳಿಗೆಲ್ಲ ಕಿವಿ ಕಟ್ಟಿದ್ಳು. ಮೊದ್ಲು ಆ ಹಳೇ ಕಿವಿ ತೆರೆಯೋ ಮುದುಕೀಗೆ. ಏಳು ವರ್ಷದ ಸಾವೆಲ್ಲ ಒಂದೇ ದಿನ ಆಯ್ತು. ಆಮೇಲೆ ಮಕ್ಳನ್ನೆಲ್ಲ ಕರ್ಕೊಂಡು ಊರಿಗೆ ಬಂದ್ಳು, ಕುಂಬಾರ ಕೇರಿ ಮಗೂನೂ ಇತ್ತು. ಗೋಡೆಗೊರಗಿದ್ದ ಸಿಪಾಯಿಗಳಿಗೆ ಮಾತು ಬಂತು, ಬಂದ ಮೊದ್ಲನೆ ಮಾತಲ್ಲೇ ದೊರೇನ ಬೈದ್ರು. ದೊರೆ ಏಳು ಬಾಗ್ಲೂ ತೆಗ್ಸಿ, ನಾನೇ ಅವ್ಳಿಗೆ ಉಪಾಯ ಹೇಳ್ಕೊಟ್ಟಿದ್ದು ಅಂತ ಡಂಗುರ ಹೊಡೆಸ್ದ. ದೊರೆಗಳು ಇನ್ನೇನ್ ಮಾಡ್ತಾರೆ. ಅಲ್ಲಿಂದ ಮುಂದಕ್ಕೆ ಸಿಳ್ಳೆಕಾಡಲ್ಲಿ ಮರಿಗಳು ಮೊದ್ಲು ಉಂಡ್ವು, ಹುತ್ತಗೆರೇಲಿ ಮಕ್ಳು ಹಗಲೆಲ್ಲ ಬೀದೀಲಿ ಆಡಿದ್ವು, ವರ್ಷಕ್ಕೊಂದ್ಸಲ ಕಾಡಿಂದ ಸಿಳ್ಳೆ ಬಂದ್ರೆ ಸಣ್ಣೀರಿ ಹರಳೆಣ್ಣೆ ಬುಡ್ಡಿ ತಕ್ಕೊಂಡು ಹೋಗೋಳು, ಹೆದ್ರೋರು ಯಾರೂ ಇರ್ಲಿಲ್ಲ. ಎಲ್ಲಾ ಸುಖವಾಗಿದ್ರು.

ಒಂದು ಉಳ್ಕೊಂಡ್ತು. ಆಣೆ ಮಾಡಿಸಿದ್ದು ಅದಕ್ಕೇನೆ. ಮೂತಿ ಹೋಯ್ತು, ಕಿವಿ ಹೋಗ್ಲಿಲ್ಲ. ತುಂಗಿ ಸಾಯೋವರ್ಗೂ ಸೆರಗು ತೆಗೀಲಿಲ್ಲ. ಅವ್ಳ ಮಗ್ಳಿಗೂ ಬಂತು, ಮೊಮ್ಮಗಳಿಗೂ ಬಂತು, ಬರೀ ಹೆಣ್ಣುಮಕ್ಳಿಗೆ. ಈ ಬೀದಿ ಕೊನೇ ಮನೆ ದೇವೀರಕ್ಕ ಅವ್ಳಲ್ಲ, ಅವ್ಳು ತಲೆ ಬಾಚ್ಕೊಳೋದ ನೀನು ಯಾವತ್ತಾದ್ರೂ ನೋಡಿದ್ದೀಯಾ? ಸೆಕೇಲೂ ಸೆರಗು. ಮೊನ್ನೆ ಸೊಸೆ ಹೆತ್ತಾಗ ಯಾರನ್ನೂ ಒಳಕ್ಕೆ ಬಿಡ್ಲಿಲ್ಲ, ತಾನೇ ಹರಳೆಣ್ಣೆ ತಕ್ಕೊಂಡು ಒಳಗೋದ್ಳು, ಹೆಣ್ಣು ಕೂಸು. ಸಿಳ್ಳೆ ಹೊಡೀತಾ ಹಾಲಿನ ಹುಡುಗ ಬಂದ್ರೆ ಅವ್ಳ ಸೆರಗು ತಾನೇ ಅಲ್ಲಾಡ್ತದೆ, ನಾನೇ ಈ ಕಣ್ಣಲ್ಲಿ...

ಸುಮ್ನಿರು. ಬಾಗ್ಲು ತಟ್ತಾ ಅವ್ರೆ.

ಸಂದೀಲಿ ನೋಡು ಯಾರು ಅಂತ. ಯಾಕೆ ಹಂಗೆ ಬೆಳ್ಳಗಾದೆ? ಅವ್ಳೇನಾ? ಎಷ್ಟೊತ್ತಿಂದ ನಿಂತವ್ಳೋ. ಅಯ್ಯೋ, ನಿಂತಿದ್ರೇನು ಬುಡು, ಆ ಕಿವಿಗೆ ಅವ್ಳ ಮನೇಲಿ ಕೂತಿದ್ರೂ ಕೇಳ್ಸ್ತದೆ. ಅವ್ಳ ಕೈಲೇನದು, ಲೋಟ ತಾನೆ? ಹೆಪ್ಪಿಗೆ ಬಂದಿರ್ಬೇಕು. ಲೋಟ ಅಲ್ವಾ? ಬಿಳೀದಾ? ಬಟ್ಟೇನಾ?

ಬಂದೆ ದೇವೀರಕ್ಕ, ಬಾ, ಒಳೀಕ್ ಬಾ, ನಾವಿಬ್ರೂ ಬರೀ ಉಪ್ಪಿನಕಾಯಿ ವಿಚಾರ...